ಒಂದು ಬಕಲ್‌ಗೋಸ್ಕರ ನೂರು ಮೈಲಿ: ಲೆಡ್‌ವಿಲ್ ಸೈಕಲ್ ರೇಸಿಗೆ ದುಡ್ಡು ಕಟ್ಟಬಹುದಾ?

ಮೌಂಟನ್ ಬೈಕ್ ರೇಸ್ ಅಂದರೆ ಬಂಡೆಯಿಂದ ಬಂಡೆಗೆ ಹಾರುವುದು, ಮರದ ಬೇರುಗಳ ಮೇಲೆ ನೆಗೆಯುವುದು ಅಂದುಕೊಂಡಿದ್ದರೆ ಲೆಡ್‌ವಿಲ್‌ಗೆ ಹೋಗಬೇಡಿ. ಅಂಥದ್ದು ಇಲ್ಲಿ ಕಮ್ಮಿ. ಹೆಚ್ಚಿನದೆಲ್ಲ ಮಣ್ಣು ರಸ್ತೆ, ಜೀಪು ಹತ್ತುವ ದಾರಿ, ನಡುವೆ ಒಂದಷ್ಟು ಡಾಂಬರು. ಚಿಕ್ಕಮಗಳೂರು ಕಡೆಯ ಎಸ್ಟೇಟ್ ರಸ್ತೆಗಳಲ್ಲಿ ಸೈಕಲ್ ತುಳಿದು ಬೆಳೆದ ನನ್ನಂಥವನಿಗೆ ಆ ದಾರಿಯಲ್ಲಿ ಹೊಸದೇನೂ ಕಾಣಲಿಲ್ಲ. ಹೊಸದು ಅಂದರೆ ಗಾಳಿ. ಅದು ಅಲ್ಲಿ ಸಾಲುವುದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಲೆಡ್‌ವಿಲ್ ಅಮೆರಿಕದ ಕೊಲರಾಡೊ ರಾಜ್ಯದಲ್ಲಿರುವ ಒಂದು ಪುಟ್ಟ ಗಣಿ ಊರು. ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರದ ಬೆಟ್ಟ, ಅದು 1,930 ಮೀಟರ್. ಅಂದರೆ ಗಿರಿಯ ತುದಿಯಲ್ಲಿ ನಿಂತು, ಅದರ ಮೇಲೆ ಇನ್ನೂ ಸಾವಿರಕ್ಕೂ ಜಾಸ್ತಿ ಮೀಟರ್ ಏರಿದರೆ ಆ ಊರಿನ ಬಸ್‌ಸ್ಟ್ಯಾಂಡ್ ಮಟ್ಟ ಬರುತ್ತದೆ ಅಂದುಕೊಳ್ಳಿ. ರೇಸ್ ಶುರುವಾಗುವುದೇ ಅಲ್ಲಿಂದ. ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ಬಂದೂಕಿನ ಸದ್ದು. ಹೋಗಿ, ಬೆಟ್ಟ ಹತ್ತಿ, ಅದೇ ದಾರಿಯಲ್ಲಿ ವಾಪಸ್ ಬರಬೇಕು. ಹೆಸರಿಗೆ 100 ಮೈಲಿ, ತುಳಿಯುವುದು 104ರ ಹತ್ತಿರ. ತರಕಾರಿಯವಳ ಕೊಸರಿನ ಹಾಗೆ ಕೊನೆಗೆ ನಾಲ್ಕು ಮೈಲಿ ಫ್ರೀ. ಒಟ್ಟು ಏರು 3,300 ಮೀಟರಿಗಿಂತ ಜಾಸ್ತಿ. 12 ಗಂಟೆಯೊಳಗೆ ಮುಗಿಸಿದರೆ ಬೆಲ್ಟಿಗೆ ಹಾಕುವ ಒಂದು ಬೆಳ್ಳಿ ಬಣ್ಣದ ಬಕಲ್ ಕೊಡುತ್ತಾರೆ. 9 ಗಂಟೆಯೊಳಗೆ ಮುಗಿಸಿದವರಿಗೆ ಅದರಪ್ಪನಂಥದ್ದು, ಊಟದ ತಟ್ಟೆ ಸೈಜಿನದು. ಸರಿ, ತಟ್ಟೆ ಅಲ್ಲ, ಸಾಸರ್ ಅನ್ನಬಹುದು.

ನಾನು ಮುಗಿಸಿದ್ದು 11 ಗಂಟೆ 41 ನಿಮಿಷಕ್ಕೆ. ಆದ್ದರಿಂದ ಈ ರಿವ್ಯೂವನ್ನು ಹಿಂದಿನ ಬೆಂಚಿನವನ ರಿವ್ಯೂ ಅಂತಲೇ ಓದಿ. ಮುಂದಿನ ಬೆಂಚಿನವರ ಕಥೆ ಬೇರೆ. ಆಸ್ಟ್ರಿಯಾದ ಆಲ್ಬನ್ ಲಕಾಟ 2015ರಲ್ಲಿ ಇದನ್ನು 5 ಗಂಟೆ 58 ನಿಮಿಷದಲ್ಲಿ ಮುಗಿಸಿದ, ಆರು ಗಂಟೆಯೊಳಗೆ ಬಂದವರಲ್ಲಿ ಅವನೇ ಮೊದಲಿಗ. ಅವನ ಲೆಕ್ಕದಲ್ಲಿ ನಾನು ಇನ್ನೂ ಅರ್ಧ ದಾರಿಯ ಬೆಟ್ಟದ ತಲೆ ಮೇಲೆ ನಿಂತು ಕಲ್ಲಂಗಡಿ ತಿನ್ನುತ್ತಿದ್ದೆ.

ಸೀಟು ಸಿಗುವ ವಿಷಯ ಬೇಗ ಮುಗಿಸುತ್ತೇನೆ. ಲಾಟರಿ ಇದೆ. ಅದು ಬೇಡ ಅಂದರೆ ಬೇರೆ ಅರ್ಹತಾ ರೇಸ್‌ಗಳಲ್ಲಿ ಓಡಿ ಜಾಗ ಗಿಟ್ಟಿಸಬಹುದು, ಇಲ್ಲವೇ ಧರ್ಮಕಾರ್ಯಕ್ಕೆ ಚಂದಾ ಎತ್ತಿ ಬರಬಹುದು. ನನಗೆ ಲಾಟರಿ ಹೊಡೆಯಿತು. ಜೀವನದಲ್ಲಿ ಹೊಡೆದ ಒಂದೇ ಲಾಟರಿ, ಅದಕ್ಕೂ ನಾನೇ ದುಡ್ಡು ಕಟ್ಟಬೇಕಾಯಿತು. ಪ್ರವೇಶ ಶುಲ್ಕ, ರೂಮು, ಪೆಟ್ರೋಲು, ಸೈಕಲ್ ರಿಪೇರಿ ಎಲ್ಲ ಸೇರಿಸಿದರೆ ಊರಿಗೆ ಹೋಗಿಬರುವ ವಿಮಾನದ ಟಿಕೆಟ್ ಆಗುತ್ತಿತ್ತು ಅಂತ ಹೆಂಡತಿ ಈಗಲೂ ಹೇಳುತ್ತಾಳೆ. ಸುಳ್ಳಲ್ಲ.

ನಾವಿರುವುದು ಡಲ್ಲಾಸ್ ಹತ್ತಿರ. ಅಲ್ಲಿ ಬೆಟ್ಟ ಅನ್ನುವುದು ಹೈವೇ ಫ್ಲೈಓವರ್ ಮಾತ್ರ. ಐದು ತಿಂಗಳು ಬೆಳಗಿನ ಜಾವ ಎದ್ದು ಸೆಕೆಯಲ್ಲಿ ತುಳಿದೆ. ಕಾಲು ತಯಾರಾಯಿತು. ಆದರೆ ಶ್ವಾಸಕೋಶಕ್ಕೆ ಅಲ್ಲಿ ಯಾವ ಟ್ಯೂಷನ್ನೂ ಇಲ್ಲ. ಲೆಡ್‌ವಿಲ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ನೂರಕ್ಕೆ 70ರ ಹತ್ತಿರ, ಅಂದರೆ ಪ್ರತಿ ಉಸಿರಿಗೂ ಹತ್ತಿರಹತ್ತಿರ ಮೂರರಲ್ಲೊಂದು ಪಾಲು ಆಮ್ಲಜನಕ ಖೋತಾ. ತಜ್ಞರು ಹೇಳುವುದು, ಎರಡು ಮೂರು ವಾರ ಮುಂಚೆ ಹೋಗಿ ಮೈ ಒಗ್ಗಿಸಿಕೊಳ್ಳಿ, ಇಲ್ಲಾ ಹಿಂದಿನ ದಿನ ಬಂದು ದೇಹಕ್ಕೆ ಗೊತ್ತಾಗುವ ಮೊದಲೇ ರೇಸ್ ಮುಗಿಸಿಬಿಡಿ ಅಂತ. ನಡುವಿನ ಎರಡು ಮೂರು ದಿನವೇ ಕೆಟ್ಟದ್ದು. ನನಗೆ ರಜೆ ಸಿಕ್ಕಿದ್ದು ಸರಿಯಾಗಿ ಆ ಮೂರು ದಿನ.

ಎತ್ತರ ಅಂದರೆ ಏನು ಅಂತ ಗೊತ್ತಾಗಿದ್ದು ಸೈಕಲ್ ಮೇಲೆ ಅಲ್ಲ, ಅಡುಗೆಮನೆಯಲ್ಲಿ. ಬಾಡಿಗೆ ಮನೆಯಲ್ಲಿ ಮೊದಲ ರಾತ್ರಿ ಪಾತ್ರೆಯಲ್ಲಿ ಅನ್ನಕ್ಕಿಟ್ಟೆವು. ನೀರು ಬೇಗ ಕುದಿಯಿತು, ಗುಳುಗುಳು ಅಂತ ಸದ್ದೂ ಜೋರು. ಇಪ್ಪತ್ತೈದು ನಿಮಿಷ ಆದರೂ ಅಗುಳು ಒತ್ತಿದರೆ ನಡುವೆ ಗಟ್ಟಿ ಬಿಳಿ ಚುಕ್ಕೆ. ಆ ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿದುಬಿಡುತ್ತದೆ, ಆಮೇಲೆ ಎಷ್ಟು ಉರಿ ಹಾಕಿದರೂ ಬಿಸಿ ಏರುವುದಿಲ್ಲ. ಬೇಳೆಯಂತೂ ಕೇಳಲೇಬೇಡಿ. "ರೀ, ಕುಕ್ಕರ್ ಯಾಕೆ ಅಂತ ಕಾರಲ್ಲಿ ನಗ್ತಾ ಇದ್ರಲ್ಲ" ಅಂದಳು ಹೆಂಡತಿ. ಸಾಮಾನು ಜಾಸ್ತಿಯಾಯಿತು ಅಂತ ಮೂರು ಲೀಟರಿನ ಕುಕ್ಕರನ್ನು ನಾನು ಎರಡು ಸಲ ಡಿಕ್ಕಿಯಿಂದ ತೆಗೆದಿಟ್ಟಿದ್ದೆ. ಅವಳು ಎರಡು ಸಲವೂ ವಾಪಸ್ ಇಟ್ಟಿದ್ದಳು. ಈ ರೇಸಿಗೆ ಹೋಗುವ ಕನ್ನಡದವರಿಗೆ ನನ್ನ ಮೊದಲ ಸಲಹೆ ಅದೇ, ಕುಕ್ಕರ್ ತಗೊಂಡು ಹೋಗಿ.

ಈಗ ರೇಸ್.

ಆಗಸ್ಟ್ ಆದರೂ ಬೆಳಿಗ್ಗೆ ಕೈಬೆರಳು ಸೆಟೆದುಕೊಳ್ಳುವ ಚಳಿ. ಸಾವಿರಕ್ಕೂ ಜಾಸ್ತಿ ಜನ ಊರಿನ ಮುಖ್ಯರಸ್ತೆಯಲ್ಲಿ ಸೈಕಲ್ ಹಿಡಿದು ನಿಂತಿರುತ್ತಾರೆ. ಹಿಂದಿನ ರೇಸುಗಳ ಸಮಯ ನೋಡಿ ಗುಂಪು ಮಾಡುತ್ತಾರೆ, ಲಾಟರಿಯವರು ಕೊನೆಗೆ. ಮೊದಲು ಇಳಿಜಾರು ಡಾಂಬರು, ಆಮೇಲೆ ಸಮತಟ್ಟು ಮಣ್ಣುರಸ್ತೆ, ಆಮೇಲೆ ಸೇಂಟ್ ಕೆವಿನ್ಸ್ ಅನ್ನುವ ಮೊದಲ ಏರು. ಅಲ್ಲಿನವರು 'ಕೀವಿನ್ಸ್' ಅನ್ನುತ್ತಾರೆ, ಹಾಗೇ ಹೇಳಿ, ಇಲ್ಲದಿದ್ದರೆ ಹೊರಗಿನವರು ಅಂತ ಗೊತ್ತಾಗುತ್ತದೆ. (ಹೇಗೂ ಗೊತ್ತಾಗುತ್ತದೆ ಬಿಡಿ.) ಹಿಂದಿನಿಂದ ಹೊರಟವರಿಗೆ ಇಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪಾಗುತ್ತದೆ. ಮುಂದಿನವನು ಕಾಲು ಕೆಳಗಿಟ್ಟರೆ ಅವನ ಹಿಂದಿನ ಮೂವತ್ತು ಜನವೂ ಇಡಬೇಕು. ಅದಕ್ಕೆ ರೇಸ್ ನಡೆಸುವವರನ್ನು ಬೈದು ಪ್ರಯೋಜನವಿಲ್ಲ, ಬೆಟ್ಟದ ರಸ್ತೆ ಇರುವುದೇ ಅಷ್ಟಗಲ. ಮುಂದೆ ನಿಲ್ಲಬೇಕು ಅಂದರೆ ಅರ್ಹತಾ ರೇಸ್ ಒಂದನ್ನು ಚೆನ್ನಾಗಿ ಓಡಿ ಬರಬೇಕಿತ್ತು. ನಾನು ಓಡಿರಲಿಲ್ಲ.

ಟರ್ಕಾಯ್ಸ್ ಕೆರೆಯ ಪಕ್ಕದ ಡಾಂಬರಿನಲ್ಲಿ ಇಳಿದು ಮತ್ತೆ ಹತ್ತಿ, ಶುಗರ್‌ಲೋಫ್ ಅನ್ನುವ ಬೆಟ್ಟ ದಾಟಿದರೆ ಪವರ್‌ಲೈನ್ ಸಿಗುತ್ತದೆ. ಕರೆಂಟ್ ಕಂಬಗಳ ಸಾಲಿನ ಕೆಳಗೆ ಕಡಿದಾದ ಇಳಿಜಾರು. ಮಳೆನೀರು ಕೊರೆದ ಆಳವಾದ ಕೊರಕಲುಗಳು, ನಡುವೆ ಸೈಕಲ್ ಹೋಗುವಷ್ಟೇ ಒಂದು ದಿಂಡು. ಟೈರ್ ಕಳಕೊಳ್ಳುವುದಕ್ಕೆ ಹೆಸರಾದ ಜಾಗ. ನಾನೂ ಅಲ್ಲೇ ಕಳಕೊಂಡೆ.

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಯಾರಿಗಾದರೂ ಉಪಯೋಗಕ್ಕೆ ಬರಬಹುದು. ನನ್ನದು ಟ್ಯೂಬ್‌ಲೆಸ್ ಟೈರ್. ಒಳಗೆ ಹಾಲಿನಂಥ ಸೀಲಂಟ್ ಇರುತ್ತದೆ, ಸಣ್ಣ ತೂತಾದರೆ ಅದೇ ಹೊರಗೆ ಬಂದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಹೊರಡುವ ಎರಡು ವಾರ ಮುಂಚೆ ನಮ್ಮೂರಿನ ಒಂದು ಅಂಗಡಿಗೆ ಸೈಕಲ್ ಸರ್ವಿಸಿಗೆ ಕೊಟ್ಟಿದ್ದೆ. ಹೆಸರು ಬೇಡ. ಬಿಲ್ಲಿನಲ್ಲಿ 'ಹೊಸ ಸೀಲಂಟ್, ಎರಡು ಚಕ್ರ' ಅಂತ ಇತ್ತು, ದುಡ್ಡೂ ಕೊಟ್ಟಿದ್ದೆ. ಪವರ್‌ಲೈನ್ ಮಧ್ಯದಲ್ಲಿ ಹಿಂದಿನ ಟೈರ್ ಒಂದು ಚೂಪು ಕಲ್ಲಿಗೆ ತಾಗಿ ಪುಸ್ಸ್ ಅಂದಿತು. ಬೆರಳಿಟ್ಟು ನೋಡಿದರೆ ಬರೀ ಗಾಳಿ, ಒಂದು ಹನಿ ಹಾಲಿಲ್ಲ. ಟೆಕ್ಸಾಸಿನ ಬೇಸಿಗೆಯಲ್ಲಿ ಸೀಲಂಟ್ ಬೇಗ ಒಣಗುತ್ತದೆ ನಿಜ, ಆದರೆ ಎರಡು ವಾರಕ್ಕೆ ಹೀಗಲ್ಲ. ಆಮೇಲೆ ಮನೆಗೆ ಬಂದು ಟೈರ್ ಬಿಚ್ಚಿದಾಗ ಒಳಗೆ ಹಳೇ ಸೀಲಂಟ್ ಒಣಗಿ ಅವಲಕ್ಕಿಯ ಹಾಗೆ ಉದುರಿತು. ಹೊಸದು ಹಾಕಿಯೇ ಇರಲಿಲ್ಲ.

ಕೈ ನಡುಗುತ್ತಿತ್ತು, ಚಳಿಗೋ ಭಯಕ್ಕೋ. ಅಂಟಂಟಾದ ರಬ್ಬರ್ ಪ್ಲಗ್ಗನ್ನು ಸೂಜಿಗೆ ಪೋಣಿಸಿ ತೂತಿಗೆ ತುರುಕಿದೆ. ಒಂದು ಸಾಲಲಿಲ್ಲ, ಪಕ್ಕದಲ್ಲೇ ಎರಡನೆಯದು. ಗ್ಯಾಸ್ ತುಂಬುವ ಪುಟ್ಟ ಸಿಲಿಂಡರ್ ತಿರುಗಿಸಿದರೆ ಮೊದಲನೆಯದರ ಅರ್ಧ ಗಾಳಿ ಹೊರಗೇ ಹೋಯಿತು, ಲೋಹ ತಣ್ಣಗಾಗಿ ಗ್ಲೌಸಿಗೆ ಅಂಟಿಕೊಂಡಿತು. ಎರಡನೆಯದು ಕೆಲಸ ಮಾಡಿತು. ಪಕ್ಕದಲ್ಲಿ ಜನ ಸರ್ರ್ ಅಂತ ಇಳಿಯುತ್ತಿದ್ದಾರೆ, ಪ್ರತಿಯೊಬ್ಬರೂ "ಎಲ್ಲಾ ಸರಿ ಇದೆಯಾ" ಅಂತ ಕೇಳಿಕೊಂಡೇ ಹೋಗುತ್ತಾರೆ, ನಾನು ಪ್ರತಿಯೊಬ್ಬರಿಗೂ ಸರಿ ಇದೆ ಅಂತ ಸುಳ್ಳು ಹೇಳುತ್ತಿದ್ದೇನೆ. ಹನ್ನೆರಡು ನಿಮಿಷ ಹೋಯಿತು. ಆ ಎರಡು ಪ್ಲಗ್ ಮಿಕ್ಕ ಎಪ್ಪತ್ತೈದು ಚಿಲ್ಲರೆ ಮೈಲಿ ಹಾಗೇ ಕೂತಿದ್ದವು. ಮೂರ್ನಾಲ್ಕು ಡಾಲರಿನ ರಬ್ಬರ್ ಚೂರು, ಐದಕ್ಕೆ ಐದು ಸ್ಟಾರ್. ಅಂಗಡಿಗೆ ಎಷ್ಟು ಅಂತ ನೀವೇ ಊಹಿಸಿ. ಈಗ ಯಾರು ಸರ್ವಿಸ್ ಮಾಡಿದರೂ ಚಕ್ರ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ, ಎಳನೀರು ನೋಡುವ ಹಾಗೆ. ಒಳಗೆ ಕುಲುಕಿದರೆ ಸರಿ.

ಟ್ವಿನ್ ಲೇಕ್ಸ್ 40ನೇ ಮೈಲಿ. ಈ ರೇಸಿನ ಜಾತ್ರೆ ಅಂದರೆ ಇಲ್ಲಿ. ಅಣೆಕಟ್ಟಿನ ಮೇಲೆ ಉದ್ದಕ್ಕೂ ಡೇರೆ, ಕೌಬೆಲ್ ಗಂಟೆಗಳು, ಅವರವರ ಮನೆಯವರು ಚಕ್ರ, ಬಾಟಲಿ, ಬಾಳೆಹಣ್ಣು ಹಿಡಿದು ನಿಂತಿರುತ್ತಾರೆ. ಹೆಂಡತಿ ಸಿಕ್ಕಳು. ಪುಳಿಯೋಗರೆಯನ್ನು ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಫಾಯಿಲ್‌ನಲ್ಲಿ ಸುತ್ತಿ ತಂದಿದ್ದಳು. ಅಲ್ಲಿಯವರೆಗೆ ನಾನು ಬರೀ ಎನರ್ಜಿ ಜೆಲ್ ಹೀರಿದ್ದೆ. ಜೆಲ್ ಅಂದರೆ ಕೆಮ್ಮಿನ ಔಷಧಿಯನ್ನು ಗಟ್ಟಿ ಮಾಡಿದ ಹಾಗೆ, ನಾಲ್ಕನೆಯದಕ್ಕೆ ಹೊಟ್ಟೆ ತಿರುಗುತ್ತದೆ. ಹುಣಸೆಹುಳಿ, ಉಪ್ಪು, ಎಣ್ಣೆ, ಅನ್ನ, ಇಷ್ಟು ಚೆನ್ನಾಗಿ ರೇಸಿಗೆ ಹೊಂದುವ ತಿಂಡಿಯನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ ಅನ್ನಿಸಿತು. ಒಂದೇ ತೊಂದರೆ ಕಡಲೆಬೀಜ. ಏದುಸಿರಿನಲ್ಲಿ ಕಡಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಸಲ ಹಾಕಬೇಡ ಅಂದೆ. "ಮುಂದಿನ ಸಲ?" ಅಂದಳು. ನಾನು ಬೇಗ ಬೇಗ ಸೈಕಲ್ ಹತ್ತಿದೆ.

ಅಲ್ಲಿಂದ ಕೊಲಂಬೈನ್ ಅನ್ನುವ ದೊಡ್ಡ ಏರು. ಸುಮಾರು 2,800 ಮೀಟರಿನಿಂದ ಸುಮಾರು 3,800 ಮೀಟರಿಗೆ, ಏಳೆಂಟು ಮೈಲಿಯಲ್ಲಿ, ಒಂದೇ ಏಟಿಗೆ ಹತ್ತಬೇಕು. ಮೊದಲ ಅರ್ಧಕ್ಕಿಂತ ಜಾಸ್ತಿ ಕಾಡಿನ ನಡುವೆ ಒಳ್ಳೆ ರಸ್ತೆ, ಚಿಕ್ಕ ಗೇರಿನಲ್ಲಿ ಕೂತು ತಿರುಗಿಸುತ್ತಾ ಇರಬಹುದು. ನನ್ನ ಸೈಕಲ್‌ನಲ್ಲಿ ಪೆಡಲ್ ಬಳಿಯ ಗೇರಿಗೆ 30 ಹಲ್ಲು, ಹಿಂದಿನ ಚಕ್ರದ ದೊಡ್ಡ ಗೇರಿಗೆ 51. ಅದಕ್ಕಿಂತ ಬಿಗಿ ಗೇರ್ ಹಾಕಿಕೊಂಡು ಜಂಬಕ್ಕೆ ಬರಬೇಡಿ. ಮರಗಳು ಮುಗಿದ ಮೇಲೆ ರಸ್ತೆಯೂ ಮುಗಿದ ಹಾಗೆ. ಸಡಿಲ ಕಲ್ಲು, ಮೇಲೆ ಬರೀ ಆಕಾಶ. ಎಲ್ಲರೂ ಇಳಿದು ತಳ್ಳುತ್ತಾರೆ. ಒಂದು ಪಕ್ಕ ಹತ್ತುವವರ ಸಾಲು, ಇನ್ನೊಂದು ಪಕ್ಕ ಇಳಿಯುವವರು ಬಾಣದ ಹಾಗೆ. ಯಾರೂ ಮಾತಾಡುವುದಿಲ್ಲ. ಉಸಿರಿನ ಸದ್ದು, ಶೂಗಳ ಕಚಕಚ, ಅಷ್ಟೇ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು ಚಾರ್ಮಾಡಿ ಘಾಟಿಯಲ್ಲಿ ಕೊನೆಕೊನೆಗೆ ಹೀಗೇ ಸುಮ್ಮನಾಗುತ್ತಾರೆ, ಅಮ್ಮನ ಜೊತೆ ಚಿಕ್ಕವನಿದ್ದಾಗ ಹೋಗಿದ್ದೆ. ಅಲ್ಲಿ ಕೊನೆಗೆ ಇಳಿಜಾರಾದರೂ ಇತ್ತು.

ತುದಿಯಲ್ಲಿ ಸ್ವಯಂಸೇವಕರು. ಇವರ ಬಗ್ಗೆ ಎಷ್ಟು ಬರೆದರೂ ಕಮ್ಮಿ. ಗಾಳಿ ಹೊಡೆಯುತ್ತಿರುವ ಬೋಳು ಬೆಟ್ಟದ ಮೇಲೆ ಇಡೀ ದಿನ ನಿಂತು ಕಲ್ಲಂಗಡಿ ಕತ್ತರಿಸಿ, ಕೋಕ್ ಬಗ್ಗಿಸಿ, ಬಿಸಿ ಸೂಪ್ ಕೊಡುತ್ತಾರೆ. ಸಸ್ಯಾಹಾರಿಗಳು ಸೂಪ್ ಯಾವುದರದ್ದು ಅಂತ ಕೇಳಿ ಕುಡಿಯಿರಿ. ಒಬ್ಬ ಅಜ್ಜಿ, ಎಪ್ಪತ್ತು ದಾಟಿರಬೇಕು, ನಾನು ಬಾಟಲಿ ಮುಚ್ಚಳ ತೆಗೆಯಲು ಒದ್ದಾಡುವುದನ್ನು ನೋಡಿ ಕೈಯಿಂದ ಕಿತ್ತುಕೊಂಡು, ತುಂಬಿ, ಮುಚ್ಚಿ, ಸೈಕಲ್‌ಗೇ ಸಿಕ್ಕಿಸಿ, ಬೆನ್ನಿಗೊಂದು ಗುದ್ದಿ, ನನ್ನ ಭುಜ ಹಿಡಿದು ಇಳಿಜಾರಿನ ಕಡೆ ತಿರುಗಿಸಿದರು. ನಾನು ಕೊಟ್ಟ ದುಡ್ಡಿಗೆ ಸಿಕ್ಕಿದ್ದರಲ್ಲಿ ಬೆಲೆ ಬಾಳುವ ವಸ್ತು ಯಾವುದು ಅಂತ ಕೇಳಿದರೆ ಆ ಗುದ್ದು.

ವಾಪಸ್ ಬರುವಾಗ ಅದೇ ಪವರ್‌ಲೈನನ್ನು ಹತ್ತಬೇಕು. 80ನೇ ಮೈಲಿ ಹತ್ತಿರ, ಮಧ್ಯಾಹ್ನದ ಬಿಸಿಲು, ಮೊದಲ ತುಂಡಂತೂ ಸುಣ್ಣ ಬಳಿಯುವ ಏಣಿಯಷ್ಟು ನೆಟ್ಟಗೆ. ಅಲ್ಲಿ ತುಳಿದು ಹೋಗುವವರನ್ನು ನಾನು ನೋಡಲಿಲ್ಲ, ಅವರೆಲ್ಲ ಆಗಲೇ ಸ್ನಾನ ಮಾಡಿ ಮುಗಿಸಿರಬೇಕು. ಹ್ಯಾಂಡಲ್ ಹಿಡಿದು ಹತ್ತು ಹೆಜ್ಜೆ, ನಿಲ್ಲು, ಹತ್ತು ಹೆಜ್ಜೆ, ನಿಲ್ಲು. ಮೇಲೆ ಬಂತು ಅಂದುಕೊಂಡರೆ ಅದು ತುದಿಯಲ್ಲ, ಅದರ ಹಿಂದೆ ಇನ್ನೊಂದು. ಹೀಗೆ ನಾಲ್ಕೈದು ಸಲ ಮೋಸ. ರೇಸ್ ಬಿಡುವ ಯೋಚನೆ ನನಗೆ ಬಂದಿದ್ದು ಇಲ್ಲಿ ಮಾತ್ರ, ಬಿಡದೇ ಇದ್ದದ್ದು ಯಾಕೆ ಅಂದರೆ ಬಿಟ್ಟರೂ ಅಲ್ಲಿಂದ ನಡೆದೇ ಇಳಿಯಬೇಕಿತ್ತು.

ಆಮೇಲಿನದನ್ನು ಸರಿಯಾಗಿ ನೆನಪಿಟ್ಟಿಲ್ಲ. ಕೆರೆಯ ಪಕ್ಕದ ಡಾಂಬರು ಏರು ಉದ್ದವಾಗಿತ್ತು. ಊರು ಕಂಡ ಮೇಲೂ ಬುಲೆವಾರ್ಡ್ ಅನ್ನುವ ಒಂದು ಮಣ್ಣಿನ ಏರು ಇದೆ, ಹೆಸರು ಕೇಳಿ ಅಗಲವಾದ ಸಾಲುಮರದ ರಸ್ತೆ ಅಂದುಕೊಂಡಿದ್ದೆ. ಅಲ್ಲ. ಕೊನೆಗೆ ಸಿಕ್ಸ್ತ್ ಸ್ಟ್ರೀಟ್, ಕೆಂಪು ಹಾಸು. ಕೂಗುವ ಜನ. ಕೊರಳಿಗೆ ಪದಕ ಹಾಕಿದ ಹೆಂಗಸು ಹೆಸರು ಕೇಳಿದರು, ನನಗೆ ನನ್ನ ಹೆಸರು ಹೇಳಲು ಎರಡು ಸಲ ಉಸಿರು ಬೇಕಾಯಿತು.

ಈ ಊರಿಗೆ ಈ ರೇಸ್ ಬಂದ ಕಥೆ ಗೊತ್ತಿದ್ದರೆ ಇನ್ನೂ ಚೆನ್ನಾಗಿರುತ್ತದೆ. 1980ರ ದಶಕದ ಶುರುವಿನಲ್ಲಿ ಅಲ್ಲಿನ ಕ್ಲೈಮ್ಯಾಕ್ಸ್ ಮಾಲಿಬ್ಡಿನಂ ಗಣಿ ಮುಚ್ಚಿ ಮೂರು ಸಾವಿರಕ್ಕೂ ಜಾಸ್ತಿ ಜನ ಕೆಲಸ ಕಳಕೊಂಡರು. ಕೆನ್ ಕ್ಲೋಬರ್ ಅನ್ನುವ ಗಣಿ ಕಾರ್ಮಿಕ, ಊರಿಗೆ ಜನ ಬಂದು ಒಂದು ರಾತ್ರಿಯಾದರೂ ಉಳಿಯಬೇಕು ಅಂತ 1983ರಲ್ಲಿ ನೂರು ಮೈಲಿ ಓಟ ಶುರು ಮಾಡಿದ. 1994ರಲ್ಲಿ ಸೈಕಲ್ ರೇಸ್ ಸೇರಿತು. ಹಲವು ವರ್ಷ ಕೊಲರಾಡೊದ ಸುತ್ತಮುತ್ತಲಿನವರಿಗಷ್ಟೇ ಗೊತ್ತಿತ್ತು. 2003ರಿಂದ 2008ರವರೆಗೆ ಸತತ ಆರು ಸಲ ಗೆದ್ದ ಡೇವ್ ವೀನ್ಸ್ ಕೂಡ ಕೊಲರಾಡೊದವನೇ. 2008ರಲ್ಲಿ ಅವನ ಜೊತೆ ಓಡಿ ಎರಡನೆಯವನಾಗಿ ಬಂದದ್ದು ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನಿಂದ ಜಗತ್ತಿಗೇ ಗೊತ್ತಿದ್ದ ಲಾನ್ಸ್ ಆರ್ಮ್‌ಸ್ಟ್ರಾಂಗ್, ಆಮೇಲೆ ಹೆಸರು ಎಲ್ಲ ಕಡೆ ಹಬ್ಬಿತು. ನನಗಂತೂ ಕೋಲಾರದ ಕೆಜಿಎಫ್ ನೆನಪಾಯಿತು. 2001ರಲ್ಲಿ ಗಣಿ ಮುಚ್ಚಿತು, ಈಗಲೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬರುವ ಜನ ಎಷ್ಟು! ಸೈಕಲ್ ರೇಸಿನಿಂದ ಅದೆಲ್ಲ ಸರಿಹೋಗುತ್ತದೆ ಅಂತ ಅಲ್ಲ. ಆದರೆ ರೇಸಿನ ಹಿಂದಿನ ರಾತ್ರಿ ಲೆಡ್‌ವಿಲ್‌ನ ಒಂದು ಹೋಟೆಲಿನಲ್ಲೂ ಕೂರಲು ಜಾಗ ಸಿಗಲಿಲ್ಲ ನಮಗೆ. ಕೆನ್‌ಗೆ ಬೇಕಾಗಿದ್ದು ಅದೇ ತಾನೇ.

ಯಾರು ಹೋಗಬಹುದು? ಆರೇಳು ಗಂಟೆ ಸೀಟಿನ ಮೇಲೆ ಕೂತು ಅಭ್ಯಾಸ ಇದ್ದು, ತಿಂದದ್ದು ಹೊಟ್ಟೆಯಲ್ಲಿ ಉಳಿಸಿಕೊಳ್ಳಬಲ್ಲವರು ಹೋಗಬಹುದು. ಸೈಕಲ್ ಓಡಿಸುವ ಚಾಣಾಕ್ಷತೆ ತೋರಿಸಬೇಕು ಅನ್ನುವವರಿಗೆ ಬೋರ್ ಆಗುತ್ತದೆ. ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲ್ ಸಾಕು, ನನ್ನದೂ ಅದೇ, ಹತ್ತುವಾಗ ಹಗುರ. ಇಳಿಯುವಾಗ ಸೊಂಟ ಬೈಯುತ್ತದೆ. ಮಳೆ ಜಾಕೆಟ್ ಬಿಟ್ಟು ಹೋಗಬೇಡಿ, ಮಧ್ಯಾಹ್ನದ ಮೇಲೆ ಅಲ್ಲಿನ ಆಕಾಶವನ್ನು ನಂಬುವಂತಿಲ್ಲ. ಮತ್ತೆ, ಮನೆಯವರು ಯಾರಾದರೂ ಜೊತೆಗೆ ಬರಲಿ. ಒಬ್ಬರೇ ಹೋಗಿಯೂ ಮುಗಿಸಬಹುದು, ದಾರಿಯಲ್ಲಿ ನೀರು, ತಿಂಡಿ ಕೊಡುವ ಏಡ್ ಸ್ಟೇಷನ್‌ಗಳ ಊಟ ಸಾಕಾಗುತ್ತದೆ, ಆದರೆ ಪುಳಿಯೋಗರೆ ಸಿಗುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಹುಮಾನದ ಸಭೆ. ಹೆಸರು, ಸಮಯ ಅಚ್ಚು ಹಾಕಿದ ಸ್ವೆಟ್‌ಶರ್ಟ್ ಕೊಟ್ಟರು, ರಾತ್ರೋರಾತ್ರಿ ಅಷ್ಟೂ ಜನರದ್ದು ಅಚ್ಚು ಹಾಕಿರುತ್ತಾರೆ. ಜೊತೆಗೆ ಬಕಲ್. ಕೋಣೆಗೆ ಬಂದು ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ.

"ಏನೋ ಅದು, ಡಾಬಿನ ಥರ ಇದೆ?"

"ಡಾಬೇ ಅಂದುಕೋ ಅಮ್ಮ. ಗಂಡಸರದ್ದು."

"ಬೆಳ್ಳಿನಾ? ಎಷ್ಟು ತೊಲ?"

ಎಷ್ಟು ಅಂತ ನನಗೆ ಗೊತ್ತಿರಲಿಲ್ಲ. ಕೈಯಲ್ಲಿ ಹಿಡಿದರೆ ಭಾರ ಇದೆ, ಬೆಳ್ಳಿ ಇರಲಿಕ್ಕಿಲ್ಲ ಅಂದೆ. ಅವಳಿಗೆ ಅಲ್ಲಿಗೆ ಆಸಕ್ತಿ ಹೋಯಿತು, ಕುಕ್ಕರ್ ಮರೆಯದೆ ವಾಪಸ್ ತಗೊಂಡು ಹೊರಟಿರಾ ಅಂತ ಸೊಸೆಯನ್ನು ಕೇಳಿದಳು. ಬಕಲ್‌ಗೆ ಬೇರೆ ಬೆಲ್ಟ್ ಬೇಕಂತೆ, ಮಾಮೂಲಿ ಬೆಲ್ಟಿಗೆ ಅದು ಕೂರುವುದಿಲ್ಲ. ಊರಿಗೆ ಬಂದ ಮೇಲೆ ಅಂಥದ್ದೊಂದು ತಂದೆ. ಈಗ ಬೆಲ್ಟ್ ಅಗಲ ಜಾಸ್ತಿಯಾಗಿ ನನ್ನ ಯಾವ ಪ್ಯಾಂಟಿನ ಲೂಪಿಗೂ ಹೋಗುತ್ತಿಲ್ಲ.